ಯುವಜನ ಶಿಕ್ಷಣ: ಮಿಜಾರು ಸೀಮೆಯಿಂದ ಒಂದು ನೋಟ

ಮಕ್ಕಳು ಬೆಳೆದು ಸ್ವಂತ ಕಾಲಿನ ಮೇಲೆ ನಿಲ್ಲುವ ತನಕ ಅವರಿಗೆ ಬೇಕಾಗುವ ಓದು, ಊಟ, ವಸತಿ, ಕಸುಬು, ಆಟ, ನುಡಿ ಇವನ್ನೆಲ್ಲ ದೇಶವೊಂದು ಒದಗಿಸುವ ಏರ್ಪಾಡಿಗೆ ರಾಷ್ಟ್ರೀಯ ಶಿಕ್ಷಣ ವ್ಯವಸ್ಥೆ ಎಂದು ಹೆಸರು. ಅದರಲ್ಲಿ ಏನೇನಿರಬೇಕು ಎಂಬುದನ್ನು ದೆಹಲಿಯ ಆಯೋಗಗಳು ಹಲವು ಸಲ ಬರೆದಿವೆ. ಬರೆದದ್ದರಲ್ಲಿ ಎಷ್ಟು ಊರಿಗೆ ತಲುಪಿದೆ, ತಲುಪದ್ದನ್ನು ಯಾರು ತುಂಬಿಕೊಟ್ಟರು ಎಂದು ತಿಳಿಯಲು ದಕ್ಷಿಣ ಕನ್ನಡ ಜಿಲ್ಲೆಯ ಮಿಜಾರು ಒಳ್ಳೆಯ ನೆಲೆ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಬದಿಯಲ್ಲಿರುವ ಈ ಊರು ಮೂಡುಬಿದಿರೆ ತಾಲೂಕಿಗೆ ಸೇರಿದೆ. ಬಂಟ್ವಾಳವೂ ಬೆಳ್ತಂಗಡಿಯೂ ಇಲ್ಲಿಗೆ ನೆರೆ ತಾಲೂಕುಗಳು. ಗದ್ದೆ, ಅಡಿಕೆ ತೋಟ, ಗುಡ್ಡ, ಕಂಬಳ, ಯಕ್ಷಗಾನ ಇರುವ ಈ ಸೀಮೆಯಲ್ಲೇ ಇಂಜಿನಿಯರಿಂಗ್ ಕಾಲೇಜೂ ಇದೆ, ಮಕ್ಕಳಿಲ್ಲದೆ ಸೊರಗುತ್ತಿರುವ ಕನ್ನಡ ಶಾಲೆಯೂ ಇದೆ.

ಹಿನ್ನೆಲೆ

ಮೂಡುಬಿದಿರೆ ಹಿಂದಿನಿಂದಲೂ ವಿದ್ಯೆಯ ಊರು. 1430ರ ಸಾವಿರ ಕಂಬದ ಬಸದಿ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಸಂಪತ್ತು ಇಲ್ಲಿನ ಗುರು ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲ, ಜಯಧವಲ, ಮಹಾಧವಲ ತಾಳೆಗರಿಗಳು. ಆದರೆ ಆ ವಿದ್ಯೆ ಕೆಲವರದಾಗಿತ್ತು. ಉಳಿದವರಲ್ಲಿ ಅನುಕೂಲವಿದ್ದವರ ಮಕ್ಕಳು ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ಕಲಿತರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ, ನೇಯ್ಗೆ ಎಲ್ಲವನ್ನೂ ಒಂದೊಂದಾಗಿ ಶುರುಮಾಡಿತು. ಅವರ ಗುರಿ ಧರ್ಮಪ್ರಸಾರವಾಗಿದ್ದರೂ ಓದಿನ ಜೊತೆಗೆ ಕಸುಬನ್ನೂ ಕಲಿಸಬೇಕೆಂಬುದು ಈ ಜಿಲ್ಲೆಗೆ ಹೊಕ್ಕದ್ದು ಆ ದಾರಿಯಿಂದ. ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು ಮಾತ್ರ ಕುದ್ಮುಲ್ ರಂಗರಾಯರು ಬರಬೇಕಾಯಿತು. 1897ರಲ್ಲಿ ಅವರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನೂ ಉಂಡರು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಊರೂರು ಸುತ್ತಿದವರು. ಮಗುವಿಗೆ ಬೇಕಾದದ್ದು ಉರು ಹೊಡೆಯುವ ಪಾಠವಲ್ಲ, ಹಾಡು ಮತ್ತು ಕತೆ ಎಂದು ತಿಳಿದು ತಾವೇ ಬರೆದುಕೊಟ್ಟರು. ಇಲಾಖೆಯ ಅಧಿಕಾರಿಯೊಬ್ಬ ಮಕ್ಕಳ ಸಾಹಿತ್ಯಕ್ಕೆ ಬುನಾದಿ ಹಾಕಿದ್ದು ಅಪರೂಪದ ಸಂಗತಿ. ಈಗಿನ ಇಲಾಖೆಯಲ್ಲಿ ಅಂಥವರಿಗೆ ಸುತ್ತೋಲೆ ಓದಿ ಮುಗಿಸಲೇ ಹೊತ್ತು ಸಾಲದು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳಿಗೆ ನಾಟಕ, ಚಿತ್ರ, ಪ್ರಯೋಗಗಳ ಮೂಲಕ ಕಲಿಸಲು ನೋಡಿದರು, 'ಬಾಲ ಪ್ರಪಂಚ' ಎಂಬ ಮಕ್ಕಳ ವಿಶ್ವಕೋಶವನ್ನು ಒಬ್ಬರೇ ಬರೆದರು. 1956ರ ತನಕ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿ ಬೋರ್ಡ್ ಶಾಲೆಗಳೂ ಖಾಸಗಿಯವರು ಕಟ್ಟಿ ಸರಕಾರದ ಅನುದಾನ ಪಡೆದ ಶಾಲೆಗಳೂ ಬಹಳ. ಊರಿನ ಗುತ್ತಿನ ಮನೆಯ ಜಮೀನುದಾರರು ಜಾಗ ಕೊಡುವುದು, ಊರವರು ಕಲ್ಲು ಮಣ್ಣು ಹೊರುವುದು, ಆಮೇಲೆ ಸರಕಾರ ಸಂಬಳ ಕೊಡುವುದು: ಇದು ಈ ಕಡೆಯ ಶಾಲೆಗಳ ಹುಟ್ಟಿನ ರೀತಿ.

ಕಾಗದದ ಮೇಲಿನ ಭರವಸೆ

1950ರ ಸಂವಿಧಾನದ 45ನೇ ವಿಧಿ 14 ವರ್ಷದೊಳಗಿನ ಎಲ್ಲ ಮಕ್ಕಳಿಗೆ 10 ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕು ಎಂದಿತು. ಆ 10 ವರ್ಷ ಮುಗಿದು 40 ವರ್ಷ ಕಳೆದ ಮೇಲೆ, 2002ರ 86ನೇ ತಿದ್ದುಪಡಿಯಿಂದ ಅದು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅಷ್ಟರ ನಡುವೆ ಬಂದ ವರದಿಗಳಲ್ಲಿ ಇಂದಿಗೂ ಓದಬೇಕಾದದ್ದು 1964–66ರ ಕೊಠಾರಿ ಆಯೋಗದ್ದು. ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಮೀಸಲಿಡಬೇಕು, ಬಡವರ ಮತ್ತು ಸಿರಿವಂತರ ಮಕ್ಕಳು ನೆರೆಹೊರೆಯ ಒಂದೇ ಶಾಲೆಗೆ ಹೋಗಬೇಕು, ಓದಿನೊಂದಿಗೆ ಕೈಕೆಲಸ ಇರಬೇಕು ಎಂದು ಅದು ಹೇಳಿತು. 1968ರ ನೀತಿ ಶೇ. 6 ಎಂದಿತು, 1986ರದೂ ಅದನ್ನೇ ಎಂದಿತು, 2020ರದೂ ಅದನ್ನೇ ಎಂದಿದೆ. ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ಅಂಕಿ ನೀತಿಯಿಂದ ನೀತಿಗೆ ದಾಟುತ್ತಿದೆ ಎಂದರೆ ಅದು ಒಮ್ಮೆಯೂ ಖಜಾನೆಗೆ ಇಳಿಯಲಿಲ್ಲ ಎಂದರ್ಥ.

ನೆರೆಹೊರೆಯ ಶಾಲೆಯ ಮಾತಂತೂ ತಿರುವುಮುರುವಾಯಿತು. 2009ರ ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟುಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕೆಂದಿತು. ಸರಕಾರಿ ಶಾಲೆಯ ಮಕ್ಕಳು ಸರಕಾರದ ಹಣದಲ್ಲೇ ಖಾಸಗಿಗೆ ಹೋಗುತ್ತಿದ್ದಾರೆಂದು ಕಂಡ ಕರ್ನಾಟಕ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಈ ಸೌಲಭ್ಯ ಇಲ್ಲ ಎಂದು ನಿಯಮ ಬದಲಿಸಿತು. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಸರಕಾರಿ ಶಾಲೆಯ ದಾಖಲಾತಿ ಹಾಗೆ ನಿಯಮದಿಂದ ಹೆಚ್ಚುವಂಥದ್ದಲ್ಲ. 2020ರ ರಾಷ್ಟ್ರೀಯ ನೀತಿಯನ್ನು ಉನ್ನತ ಶಿಕ್ಷಣದಲ್ಲಿ ದೇಶಕ್ಕೆ ಮೊದಲಾಗಿ 2021ರಲ್ಲಿ ಜಾರಿಗೆ ತಂದ ರಾಜ್ಯವೂ ಕರ್ನಾಟಕವೇ. ಸರಕಾರ ಬದಲಾಗುತ್ತಲೇ ಅದನ್ನು ಕೈಬಿಟ್ಟು, ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗಕ್ಕೆ ರಾಜ್ಯದ್ದೇ ನೀತಿ ರೂಪಿಸಲು ಹೇಳಿ, 2024–25ರಿಂದ ಮೂರು ವರ್ಷದ ಪದವಿಗೆ ಮರಳಿದ್ದೂ ಕರ್ನಾಟಕವೇ. ಒಂದೇ ಕಾಲೇಜಿನಲ್ಲಿ ಅಕ್ಕ ನಾಲ್ಕು ವರ್ಷದ ಪದ್ಧತಿಗೂ ತಮ್ಮ ಮೂರು ವರ್ಷದ ಪದ್ಧತಿಗೂ ಸೇರಿದ ಮನೆಗಳಿವೆ. ಯಾವುದು ಮೇಲು ಎಂಬ ವಾದ ಆಮೇಲಿರಲಿ. ದಾಖಲಾದ ವಿದ್ಯಾರ್ಥಿ ಹೊರಬರುವ ತನಕ ಪದ್ಧತಿ ಬದಲಾಗಬಾರದು ಎಂಬಷ್ಟು ಕನಿಷ್ಠ ಭರವಸೆಯನ್ನಾದರೂ ವ್ಯವಸ್ಥೆ ಕೊಡಬೇಕು.

ಶಾಲೆಗೆ ಹೋಗುವ ದಾರಿ

ಒಂದು ಕಿಲೋಮೀಟರಿನೊಳಗೆ ಕಿರಿಯ, ಮೂರು ಕಿಲೋಮೀಟರಿನೊಳಗೆ ಹಿರಿಯ ಪ್ರಾಥಮಿಕ ಶಾಲೆ ಎಂಬುದು ನಿಯಮ. ಘಟ್ಟದ ಮೇಲಿನಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಗದ್ದೆಯ ಆಚೆ ಒಂದು, ಗುಡ್ಡದ ಮೇಲೊಂದು ಒಂಟಿ ಮನೆ. ನಡುವೆ ತೋಡು, ತೋಡಿಗೆ ಅಡ್ಡ ಅಡಿಕೆ ಮರದ ಕಾಲುಸಂಕ. 2022ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ಕಡೆ ಎರಡನೇ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಜಿಲ್ಲಾಧಿಕಾರಿಗಳ ರಜೆಯ ಆದೇಶಕ್ಕೆ ಮಕ್ಕಳಿಗಿಂತ ಹೆಚ್ಚು ತಾಯಂದಿರೇ ಕಾಯುವುದು ಇದಕ್ಕೇ.

ಹೈಸ್ಕೂಲು, ಪಿಯು ದಾಟಿದರೆ ಬಸ್ಸು ಬೇಕು. ಮಂಗಳೂರು–ಮೂಡುಬಿದಿರೆ–ಕಾರ್ಕಳ ದಾರಿ ಹಲವು ದಶಕಗಳ ಕಾಲ ಖಾಸಗಿ ಬಸ್ಸುಗಳದ್ದಾಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದಾಗ ರಾಜ್ಯದ ಬೇರೆ ಕಡೆ ಕಾಲೇಜು ಹುಡುಗಿಯರಿಗೆ ಸಿಕ್ಕಿದ ನೆರವು ಇಲ್ಲಿನವರಿಗೆ ಅಷ್ಟು ಸಿಗದೆ ಹೋದದ್ದು ಆದ್ದರಿಂದ. ಬೆಂಗಳೂರಿನಲ್ಲಿ ಕುಳಿತು ಬರೆದ ಯೋಜನೆಗೆ ಊರಿನ ರಸ್ತೆಯಲ್ಲಿ ಯಾವ ಬಸ್ಸು ಓಡುತ್ತದೆಂದು ಗೊತ್ತಿರುವುದಿಲ್ಲ.

ಓದಿಸಿದವರು

ಈ ಜಿಲ್ಲೆ ವಿದ್ಯೆಯಲ್ಲಿ ಮುಂದೆ ಬಂದದ್ದಕ್ಕೆ ಶಾಲೆಗಳನ್ನಷ್ಟೇ ಹೊಗಳಿದರೆ ಅರ್ಧ ಸತ್ಯ. 1974ರ ಭೂಸುಧಾರಣೆ ಒಕ್ಕಲುಗಳನ್ನು ಜಮೀನಿನ ಒಡೆಯರನ್ನಾಗಿ ಮಾಡಿತು. ಗೇಣಿ ಅಳೆದು ಮುಗಿಯದಿದ್ದ ಮನೆಗಳಲ್ಲಿ ಮೊದಲ ಸಲ ಎರಡು ಮುಡಿ ಅಕ್ಕಿ ಉಳಿಯಿತು, ಹುಡುಗನೊಬ್ಬ ಗದ್ದೆ ಕೆಲಸ ಬಿಟ್ಟು ಕಾಲೇಜಿಗೆ ಹೋಗುವಂತಾಯಿತು. ಭೂಸುಧಾರಣೆಯನ್ನು ಶಿಕ್ಷಣದ ಕಾಯ್ದೆ ಎಂದು ಯಾರೂ ಕರೆಯುವುದಿಲ್ಲ. ಕರಾವಳಿಯ ಮಟ್ಟಿಗೆ ಅದಕ್ಕಿಂತ ಪರಿಣಾಮಕಾರಿಯಾದ ಶಿಕ್ಷಣ ಕಾಯ್ದೆ ಇನ್ನೊಂದು ಬಂದಿಲ್ಲ.

ಜಮೀನು ಸಿಗದವರ ಮನೆಗಳಲ್ಲಿ ಓದಿಸಿದ್ದು ಬೀಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಅಮ್ಮಂದಿರು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟ ಬೀಡಿಯ ಮಜೂರಿಯಲ್ಲೇ ಪುಸ್ತಕ, ಫೀಸು, ಬಸ್ಸಿನ ಚಾರ್ಜು ನಡೆದವು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಕಲ್ಯಾಣ ನಿಧಿಯಿಂದ ವಿದ್ಯಾರ್ಥಿವೇತನವೂ ಇದೆ. ಇಂದು ಬೆಂಗಳೂರಿನ ಕಂಪೆನಿಗಳಲ್ಲೂ ಕೊಲ್ಲಿ ರಾಷ್ಟ್ರಗಳಲ್ಲೂ ಇರುವ ಇಲ್ಲಿನ ಎಷ್ಟೋ ಪದವೀಧರರ ಹಿಂದೆ ಬೀಡಿ ಕಟ್ಟಿ ಸವೆದ ಬೆರಳುಗಳಿವೆ.

ಓದು ಅರ್ಧಕ್ಕೆ ನಿಂತವರ ದಾರಿ ಮುಂಬಯಿ. ಹೋಟೆಲಿನಲ್ಲಿ ಹಗಲು ಲೋಟ ತೊಳೆದ ತುಳುನಾಡಿನ ಹುಡುಗರು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿದರು. ಅವರಲ್ಲಿ ಕೆಲವರು ವಕೀಲರಾದರು, ಕೆಲವರು ಹೋಟೆಲಿನ ಧನಿಗಳೇ ಆದರು. ಜಾತಿ ಸಂಘಗಳೂ ಊರ ಹತ್ತು ಸಮಸ್ತರೂ ನಡೆಸಿದ ಈ ಶಾಲೆಗಳು ಬಿಟ್ಟವನಿಗೆ ಇನ್ನೊಂದು ಬಾಗಿಲು ಇರಬೇಕು ಎಂಬುದನ್ನು ಯಾವ ನೀತಿಗಿಂತ ಮೊದಲೇ ಅರಿತಿದ್ದವು. 14ಕ್ಕೋ 15ಕ್ಕೋ ಶಾಲೆ ಬಿಟ್ಟ ಹುಡುಗನಿಗೆ 20ರಲ್ಲಿ ಓದಬೇಕೆನಿಸಿದರೆ ಇಂದು ಅವನ ಊರಿನಲ್ಲಿ ಅಂಥ ಬಾಗಿಲು ಎಲ್ಲಿದೆ? ಮುಕ್ತ ಶಾಲೆಯ ಅರ್ಜಿ ಫಾರ್ಮು ಇದೆ. ಸಂಜೆ ಹೊತ್ತು ಬೆಂಚಿನಲ್ಲಿ ಕೂರಿಸಿ ಹೇಳಿಕೊಡುವ ಮೇಷ್ಟ್ರಿಲ್ಲ.

ಉಜಿರೆಯ ಪ್ರಯೋಗಗಳು

ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ನಡೆದಿರುವ ಕೆಲಸ ವಿಸ್ತಾರವಾಗಿ ಹೇಳಲು ಯೋಗ್ಯ. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಅಲ್ಲಿ ಸಿದ್ಧವನ ಗುರುಕುಲ ತೆರೆದರು. ಬಡ ವಿದ್ಯಾರ್ಥಿಗಳಿಗೆ ಊಟ, ವಸತಿ; ಜೊತೆಗೆ ಶಿಸ್ತಿನ ದಿನಚರಿ. 1966ರಲ್ಲಿ ಕಾಲೇಜು ಬಂತು. ಆಮೇಲೆ ಶುರುವಾದ ರತ್ನಮಾನಸ ಎಂಬ ವಿದ್ಯಾರ್ಥಿನಿಲಯದಲ್ಲಿ ಹೈಸ್ಕೂಲಿನ ಹುಡುಗರು ಬೆಳಗ್ಗೆ ಸಂಜೆ ಗದ್ದೆ, ತೋಟ, ಹಟ್ಟಿಯ ಕೆಲಸ ಮಾಡುತ್ತ ಹಗಲು ಶಾಲೆಗೆ ಹೋಗುತ್ತಾರೆ. ಕೊಠಾರಿ ವರದಿ ಹೇಳಿದ ಕಾರ್ಯಾನುಭವ ಇದು. ಪೇಟೆಯ ಶಾಲೆಗಳಲ್ಲಿ ಅದು ವಾರಕ್ಕೊಂದು ಪಿರಿಯಡ್ಡಾಗಿ, ಆ ಪಿರಿಯಡ್ಡನ್ನೂ ಗಣಿತದ ಮೇಷ್ಟ್ರು ಕೇಳಿ ಪಡೆಯುವಂತಾಗಿ ಮುಗಿದುಹೋಯಿತು.

ಓದಿದವರಿಗೆ ಕೆಲಸ ಸಿಗದಿದ್ದರೆ? 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದವು. ನಿರುದ್ಯೋಗಿ ಯುವಕ ಯುವತಿಯರಿಗೆ ಕೆಲವು ವಾರಗಳ ಉಚಿತ ವಸತಿ ತರಬೇತಿ: ಹೈನುಗಾರಿಕೆ, ಹೊಲಿಗೆ, ಮೋಟಾರು ರಿವೈಂಡಿಂಗ್, ಫೋಟೋಗ್ರಫಿ, ಮುಂದೆ ಮೊಬೈಲ್ ರಿಪೇರಿ. ಕಸುಬಿನ ಜೊತೆಗೆ ಲೆಕ್ಕ ಇಡುವುದು, ಬ್ಯಾಂಕಿನ ಮ್ಯಾನೇಜರರೊಡನೆ ಅಂಜದೆ ಮಾತಾಡುವುದು, ಸಾಲದ ಅರ್ಜಿ ಬರೆಯುವುದು ಇವನ್ನೂ ಕಲಿಸುತ್ತಾರೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವುದು ಈ ಪದ್ಧತಿಯ ಜೀವಾಳ. ಸರ್ಟಿಫಿಕೇಟು ಕೊಟ್ಟು ಕೈತೊಳೆದುಕೊಳ್ಳುವ ತರಬೇತಿಗಳು ದೇಶದಲ್ಲಿ ಬೇಕಾದಷ್ಟಿವೆ. ಕೊಟ್ಟ ಮೇಲೆ ಅಂಗಡಿ ತೆರೆಯಿತೇ, ಸಾಲ ಸಿಕ್ಕಿತೇ ಎಂದು ಕೇಳುವವರು ವಿರಳ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಮಾದರಿಯನ್ನು ಎತ್ತಿಕೊಂಡು ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಆರ್‌ಸೆಟಿ ಎಂಬ ಹೆಸರಿನ ಸಂಸ್ಥೆಗಳನ್ನು ತೆರೆಸಿತು. ಊರಿನ ಪ್ರಯೋಗವೊಂದು ರಾಷ್ಟ್ರೀಯ ವ್ಯವಸ್ಥೆಯೊಳಗೆ ಹೋದ ಉದಾಹರಣೆಗಳು ಹೆಚ್ಚಿಲ್ಲ, ಇದು ಅವುಗಳಲ್ಲಿ ಒಂದು.

ಇದರ ಪಕ್ಕದಲ್ಲಿ ಕರ್ನಾಟಕದ ಯುವನಿಧಿಯನ್ನು ಇಟ್ಟು ನೋಡಬಹುದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಹಣ ಬೇಡವೆಂದಲ್ಲ, ಸಂದರ್ಶನಕ್ಕೆ ಹೋಗುವ ಬಸ್ ಚಾರ್ಜಿಗಾದರೂ ಆಯಿತು. ಆ ಎರಡು ವರ್ಷ ಹುಡುಗನ ಬೆನ್ನಿಗೆ ನಿಂತು ದಾರಿ ತೋರುವ ಮನುಷ್ಯನೊಬ್ಬನೂ ಬೇಕಿತ್ತು.

ಮಿಜಾರು, ಆಳ್ವಾಸ್, ಖಾಸಗಿ ವಿದ್ಯೆ

ಮಿಜಾರುಗುತ್ತು ಮನೆತನದ ಡಾ. ಎಂ. ಮೋಹನ ಆಳ್ವರು ಆಯುರ್ವೇದ ವೈದ್ಯರು. 1995ರಲ್ಲಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕಟ್ಟಿದರು. 2008ರಲ್ಲಿ ಮಿಜಾರಿನ ಶೋಭಾವನದಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಗುಡ್ಡದ ಮೇಲಿನ ಊರಿಗೆ ರಾಜ್ಯದ ಎಲ್ಲ ಕಡೆಯ ಹುಡುಗರು ಬಂದರು. 2003ರಲ್ಲಿ ಕಮಲಾ ಹಂಪನಾ ಅಧ್ಯಕ್ಷತೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂಡುಬಿದಿರೆಯಲ್ಲಿ ನಡೆದ ಮರುವರ್ಷದಿಂದ ಆಳ್ವಾಸ್ ನುಡಿಸಿರಿ ಶುರುವಾಯಿತು. ಸಂಗೀತ ನೃತ್ಯಗಳ ವಿರಾಸತ್ ಅದಕ್ಕೂ ಹಳೆಯದು. 2022ರ ಡಿಸೆಂಬರಿನಲ್ಲಿ ಸ್ಕೌಟ್ಸ್ ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯೂ ಮೂಡುಬಿದಿರೆಯಲ್ಲೇ ಆಯಿತು. ಕ್ರೀಡಾಪಟುಗಳನ್ನೂ ಕಲಾವಿದರನ್ನೂ ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವುದು, ಪರೀಕ್ಷೆ ನಡೆಸಿ ಆರಿಸಿದ ಮಕ್ಕಳಿಗೆ ಕನ್ನಡ ಮಾಧ್ಯಮದಲ್ಲಿ ಉಚಿತ ಶಾಲೆ ನಡೆಸುವುದು ಈ ಸಂಸ್ಥೆಯ ವಿಶೇಷ. ಕನ್ನಡ ಮಾಧ್ಯಮದ ಶಾಲೆಗೆ ಪ್ರವೇಶ ಪರೀಕ್ಷೆ ಬರೆದು ಸೇರಲು ಸಾಲು ನಿಲ್ಲುತ್ತಾರೆಂದರೆ ಜನ ಬಿಟ್ಟದ್ದು ಕನ್ನಡವನ್ನಲ್ಲ, ಮೇಷ್ಟ್ರಿಲ್ಲದ ಶಾಲೆಯನ್ನು ಎಂದು ಒಪ್ಪಬೇಕು.

ಆದರೂ ಇದು ದಾನಿಯ ಇಚ್ಛೆಯಿಂದ ಬಂದ ಉಪಕಾರ. ಆಯ್ಕೆಯಾಗದ ಮಗುವಿಗೆ ಕೇಳುವ ಹಕ್ಕಿಲ್ಲ. ಶುಲ್ಕ ಕೊಡಬಲ್ಲವರಿಗೂ ಪ್ರತಿಭೆಯಿಂದ ಗೆದ್ದವರಿಗೂ ಇಲ್ಲಿ ಜಾಗವಿದೆ. ನಡುವಿನ ಸಾಮಾನ್ಯ ಮಗು, ಅಂದರೆ ಹೆಚ್ಚಿನ ಎಲ್ಲ ಮಕ್ಕಳು, ಸರಕಾರಿ ಶಾಲೆಯವರು. ರಾಷ್ಟ್ರೀಯ ವ್ಯವಸ್ಥೆ ಇರುವುದು ಆ ಮಗುವಿಗಾಗಿ. ಕೇಂದ್ರದ ನವೋದಯ ಶಾಲೆ ಜಿಲ್ಲೆಗೊಂದು, ಇಲ್ಲಿಯದು ಮುಡಿಪಿನಲ್ಲಿ. ಅಲ್ಲಿಯೂ ಆರಿಸಿದವರಿಗಷ್ಟೇ ಪ್ರವೇಶ. ಸರಕಾರ ತಾನೇ ದಾನಿಯಂತೆ ಆರಿಸತೊಡಗಿದರೆ ಉಳಿದವರು ಎಲ್ಲಿಗೆ ಹೋಗಬೇಕು?

ಉಳಿದವರ ಶಾಲೆಯನ್ನು ಎತ್ತಿನಿಲ್ಲಿಸಿದ ಜನರೂ ಈ ಸೀಮೆಯಲ್ಲಿದ್ದಾರೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿದ ಹರೇಕಳ ಹಾಜಬ್ಬರು ವಿದೇಶಿಯೊಬ್ಬರು ಕೇಳಿದ ಬೆಲೆ ಅರ್ಥವಾಗದೆ ನಾಚಿ, ತನ್ನೂರ ಮಕ್ಕಳಿಗೆ ಹಾಗಾಗಬಾರದೆಂದು ನ್ಯೂಪಡ್ಪುವಿನಲ್ಲಿ ಸರಕಾರಿ ಶಾಲೆ ತಂದರು; 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಬಂಟ್ವಾಳ ತಾಲೂಕಿನ ದಡ್ಡಲಕಾಡು ಶಾಲೆ ಮುಚ್ಚುವ ಹಂತದಲ್ಲಿದ್ದಾಗ ಕರೆಂಕಿಯ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು ದತ್ತು ಪಡೆದು ಕಟ್ಟಡ ಕಟ್ಟಿಸಿ, ಇಂಗ್ಲಿಷ್ ಕಲಿಕೆ ಸೇರಿಸಿ ಮಕ್ಕಳನ್ನು ಮರಳಿ ತಂದರು. ಇವರಿಗೆಲ್ಲ ಸನ್ಮಾನ ಸಾಕಷ್ಟು ಸಿಕ್ಕಿದೆ. ಕಿತ್ತಳೆ ಮಾರುವವನೊಬ್ಬ ಶಾಲೆ ತರಬೇಕಾಗಿ ಬಂದದ್ದೇಕೆ ಎಂದು ಸನ್ಮಾನದ ವೇದಿಕೆಯಲ್ಲಿ ಯಾರೂ ಕೇಳಿದಂತಿಲ್ಲ.

ನುಡಿ

ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಶಾಲೆಯಲ್ಲಿ ಕನ್ನಡ, ಕೆಲಸಕ್ಕೆ ಇಂಗ್ಲಿಷ್. ಇದು ಇಲ್ಲಿನ ಮಗುವಿನ ದಿನಚರಿ. ಇಲ್ಲಿ ಕನ್ನಡ ಮಾಧ್ಯಮವೆಂದರೂ ಹೆಚ್ಚಿನವರಿಗೆ ಮನೆಮಾತಿನ ಮಾಧ್ಯಮವಲ್ಲ ಎಂಬುದನ್ನು ಬೆಂಗಳೂರಿನ ಭಾಷಾ ಚರ್ಚೆ ಮರೆಯುತ್ತದೆ. ಒಂದರಿಂದ ನಾಲ್ಕರ ತನಕ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂಬ 1994ರ ರಾಜ್ಯದ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ಒಪ್ಪಲಿಲ್ಲ; ಮಾಧ್ಯಮದ ಆಯ್ಕೆ ಹೆತ್ತವರದು ಎಂದಿತು. 2010ರ ಹೊತ್ತಿಗೆ ತುಳು ಐಚ್ಛಿಕ ತೃತೀಯ ಭಾಷೆಯಾಗಿ ಶಾಲೆಗಳಿಗೆ ಬಂತು. ಆದರೆ ಸಂವಿಧಾನದ 8ನೇ ಪರಿಚ್ಛೇದದಲ್ಲಿ ಅದಕ್ಕಿನ್ನೂ ಸ್ಥಾನವಿಲ್ಲ. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ್ದರ ವಿರುದ್ಧ ಮಕ್ಕಳೇ ಪ್ರತಿಭಟನೆಗೆ ಕೂತ ಪ್ರಸಂಗಗಳಿವೆ. ಪಾಠ ಮಾಡುವವರ ಮಾತು ಕೇಳುವ ಮಗುವಿಗೆ ತಿಳಿಯಬೇಕು; ಮಾಧ್ಯಮದ ಎಲ್ಲ ವಾದಗಳೂ ಆಮೇಲಿನವು.

ಅಳತೆಗೆ ಸಿಗದ ಪ್ರತಿಭೆ

2020ರ ಫೆಬ್ರವರಿಯಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದವರು ಉಸೇನ್ ಬೋಲ್ಟನ 9.58 ಸೆಕೆಂಡಿಗಿಂತ ವೇಗ ಎಂದರು. ಕೇಂದ್ರದ ಕ್ರೀಡಾ ಸಚಿವರು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೆ ಕರೆದರು. ಕೆಸರಿನ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಗೌಡರು ಹೋಗಲು ಒಪ್ಪಲಿಲ್ಲ. ಅವರ ಮಾತು ಸರಿ. ಕೋಣಗಳ ಎಳೆತವೂ ಆ ವೇಗದಲ್ಲಿ ಸೇರಿರುತ್ತದೆ. ಕಟ್ಟಡ ಕೆಲಸಕ್ಕೂ ಹೋಗುತ್ತಿದ್ದ ಯುವಕನೊಬ್ಬನ ಕಾಲಿನ ಕಸುವು ದೇಶದ ಕಣ್ಣಿಗೆ ಬಿದ್ದದ್ದು ಅವನಿಗೆ 28 ತುಂಬಿದ ಮೇಲೆ, ಅದೂ ಮೊಬೈಲಿನಲ್ಲಿ ಹರಿದಾಡಿದ್ದರಿಂದ. ಅವನು 12 ವರ್ಷದ ಹುಡುಗನಾಗಿದ್ದಾಗ ನೋಡಬೇಕಾದ ದೈಹಿಕ ಶಿಕ್ಷಕರ ಹುದ್ದೆ ಎಷ್ಟೋ ಹಳ್ಳಿ ಶಾಲೆಗಳಲ್ಲಿ ಇರುವುದೇ ಇಲ್ಲ. ಯಕ್ಷಗಾನದ ಹಾಸ್ಯಕ್ಕೆ ಹೆಸರಾದ ಮಿಜಾರು ಅಣ್ಣಪ್ಪನವರೂ ಈ ಊರಿನ ಹೆಸರು ಹೊತ್ತವರೇ. ಅಂಥವರ ವಿದ್ಯೆ ಬೆಳೆದದ್ದು ಮೇಳದ ತಿರುಗಾಟದಲ್ಲಿ. ಶಾಲೆಗೆ ಅದರ ಸುಳಿವಿರಲಿಲ್ಲ.

ಶಾಲೆಗೆ ಗೊತ್ತಿರುವ ಅಳತೆ ಅಂಕ. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ಶೇ. 93.90, ದಕ್ಷಿಣ ಕನ್ನಡ ಶೇ. 93.57, ರಾಜ್ಯದ ಸರಾಸರಿ ಶೇ. 73.45. ಅದೇ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಪ್ರಥಮ. ಹೆಮ್ಮೆಯ ಸಂಗತಿಯೇ. ಈ ಹೆಸರನ್ನು ನಂಬಿ ಬಯಲುಸೀಮೆಯ, ಉತ್ತರ ಕರ್ನಾಟಕದ ಹೆತ್ತವರು ಸಾಲ ಮಾಡಿ ಮಕ್ಕಳನ್ನು ಇಲ್ಲಿನ ಪಿಯು ಹಾಸ್ಟೆಲುಗಳಿಗೆ ತಂದು ಬಿಡುತ್ತಾರೆ. ಮುಂಜಾನೆಯಿಂದ ರಾತ್ರಿಯ ತನಕ ನೀಟ್, ಸಿಇಟಿ. ಪಕ್ಕದ ಗದ್ದೆಯಲ್ಲಿ ಏನು ಬೆಳೆಯುತ್ತದೆಂದು ಎರಡು ವರ್ಷದಲ್ಲಿ ಅವರಿಗೆ ತಿಳಿಯುವುದಿಲ್ಲ. ಶೇಕಡಾ 93ರ ನೆರಳಿನಲ್ಲಿ ಕೊರಗ ಸಮುದಾಯದ ಮಕ್ಕಳು ಕಾಣದೆ ಹೋಗುತ್ತಾರೆ. ವಿಶೇಷ ದುರ್ಬಲ ಬುಡಕಟ್ಟೆಂದು ಸರಕಾರವೇ ಗುರುತಿಸಿದ ಈ ಸಮುದಾಯದಿಂದ ಎಷ್ಟು ಮಂದಿ ಪಿಯು ತನಕ ಬಂದರು ಎಂಬುದನ್ನು ಫಲಿತಾಂಶದ ದಿನ ಯಾರೂ ಕೇಳುವುದಿಲ್ಲ. ಬಂಟ, ಬಿಲ್ಲವ, ಬ್ಯಾರಿ, ಜೈನ, ಕೆಥೊಲಿಕ, ದಲಿತ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಹಂಚಿಕೊಳ್ಳುತ್ತಿದ್ದ ಊರ ಶಾಲೆಯ ಜಾಗದಲ್ಲಿ ಮತಕ್ಕೊಂದು ಶಾಲೆ, ಶಾಲೆಗೊಂದು ಬಸ್ಸು ಬಂದಿರುವುದೂ ಅಂಕಪಟ್ಟಿಯಲ್ಲಿ ಕಾಣುವಂಥದ್ದಲ್ಲ. 2021ರ ಕೊನೆಗೆ ಉಡುಪಿಯ ಸರಕಾರಿ ಪಿಯು ಕಾಲೇಜೊಂದರಲ್ಲಿ ತರಗತಿಗೆ ಹಿಜಾಬ್ ಧರಿಸಿ ಬರುವ ಬಗ್ಗೆ ಎದ್ದ ವಿವಾದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಕ್ಟೋಬರ್ 2022ರಲ್ಲಿ ಅಲ್ಲಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಷ್ಟರಲ್ಲಿ ಕೆಲವು ಹುಡುಗಿಯರ ಓದು ನಿಂತಿತ್ತು.

ಹಕ್ಕಿನ ವ್ಯಾಪ್ತಿ

ಬಿಸಿಯೂಟ, ಹಾಲು, ಸಮವಸ್ತ್ರ, ಪಠ್ಯಪುಸ್ತಕ ಇವು ಇಂದು ಕರ್ನಾಟಕದ ಸರಕಾರಿ ಶಾಲೆಯ ಮಗುವಿಗೆ ಸಿಗುತ್ತವೆ. ಹತ್ತನೇ ತರಗತಿ ಮುಗಿದ ದಿನ ಇವೆಲ್ಲ ನಿಲ್ಲುತ್ತವೆ. ಹಸಿವು, ಬಸ್ಸಿನ ಖರ್ಚು, ಯಾವ ಕೋರ್ಸು ಎಂಬ ಗೊಂದಲ, ಮನೆಯವರ ಒತ್ತಡ ಇವು ಹೆಚ್ಚುವುದು 15ರಿಂದ 20ರ ನಡುವೆ. ಆ ವಯಸ್ಸಿಗೆ ಬೇಕಾದ ವಿದ್ಯಾರ್ಥಿನಿಲಯ, ಕಸುಬಿನ ತರಬೇತಿ, ಆಟದ ಗುರು, ಬಸ್ಸು ಎಂಬ ನಾಲ್ಕು ಸಂಗತಿಗಳನ್ನು ಈ ಸೀಮೆಯಲ್ಲಿ ಮಠ, ಕ್ಷೇತ್ರ, ಚರ್ಚು, ಸಂಘ, ದಾನಿ, ಬಸ್ಸಿನ ಧನಿಗಳು ಅಷ್ಟಿಷ್ಟು ನಡೆಸಿಕೊಂಡು ಬಂದಿದ್ದಾರೆ. ಅಂಥವರಿಲ್ಲದ ತಾಲೂಕುಗಳ ಮಕ್ಕಳಿಗೆ ಅದೂ ಇಲ್ಲ. 3ರಿಂದ 18 ವರ್ಷದ ಎಲ್ಲರಿಗೂ ಶಿಕ್ಷಣ ಸಿಗಬೇಕೆಂದು 2020ರ ರಾಷ್ಟ್ರೀಯ ನೀತಿ ಬರೆದಿದೆ; ಹಕ್ಕು ಕೊಡುವ 2009ರ ಕಾಯ್ದೆ ಮಾತ್ರ 6ರಿಂದ 14ರಲ್ಲೇ ನಿಂತಿದೆ.